ಲಾರ್ಚ್ ಬೋನ್ಸಾಯ್: ಎಲೆ ಹಳದಿಯಾದರೆ, ಕೊಂಬೆ ಒಣಗಿದರೆ, ಚಿಗುರೇ ಬರದಿದ್ದರೆ

ಅಕ್ಟೋಬರ್ ಕೊನೆಗೆ ಲಾರ್ಚ್ ಎಲೆ ಹಳದಿಯಾಗಿ, ನವೆಂಬರ್‌ನಲ್ಲಿ ಪೂರ್ತಿ ಉದುರಿದರೆ ಏನೂ ಕೆಟ್ಟಿಲ್ಲ. ಅದು ಮಲಗುವ ಹೊತ್ತು. ಪೈನ್, ಸ್ಪ್ರೂಸ್‌ಗಳ ಕುಟುಂಬದ್ದೇ ಮರ, ಸೂಜಿಯಂಥ ಎಲೆ, ಕೋನ್ ಬಿಡುತ್ತದೆ. ಆದರೂ ಚಳಿಗಾಲಕ್ಕೆ ಬೋಳಾಗುತ್ತದೆ. ಇದು ಗೊತ್ತಿಲ್ಲದೆ ಡಿಸೆಂಬರ್‌ನಲ್ಲಿ ‘ಸತ್ತುಹೋಯ್ತು’ ಅಂತ ಕಸಕ್ಕೆ ಹಾಕಿದ ಲಾರ್ಚ್‌ಗಳು ಕಡಿಮೆಯೇನಲ್ಲ. ಅನುಮಾನ ಬಂದರೆ ಒಂದು ಸಣ್ಣ ರೆಂಬೆಯ ತೊಗಟೆಯನ್ನು ಉಗುರಿನಿಂದ ಸ್ವಲ್ಪ ಕೆರೆಯಿರಿ. ಒಳಗೆ ಹಸಿರು, ಒದ್ದೆ ಇದ್ದರೆ ಜೀವ ಇದೆ. ಕಂದು, ಒಣಗಿದ್ದರೆ ಆ ರೆಂಬೆ ಹೋಗಿದೆ. ರೆಂಬೆ ಮಾತ್ರ. ಮರ ಹೋಗಿದೆಯೋ ಇಲ್ಲವೋ ಅಂತ ಹೇಳಲು ಬುಡದ ಹತ್ತಿರವೂ ಕೆರೆದು ನೋಡಬೇಕು.

ಎಳೆಯ ಗಿಡಗಳಲ್ಲಿ ಕೆಲವು ಎಲೆ ಕಂದಾಗಿ ಚಳಿಗಾಲ ಪೂರ್ತಿ ಅಂಟಿಕೊಂಡೇ ಇರಬಹುದು. ಅದೂ ದೋಷ ಅಲ್ಲ.

ಈ ಬರಹ ಬ್ರಿಟನ್, ಜರ್ಮನಿ, ನೆದರ್ಲೆಂಡ್ಸ್, ಕೆನಡಾ ಕಡೆ ಇರುವ ನಮ್ಮವರಿಗೆ. ಇಲ್ಲಿ ಹೇಳುವ ತಿಂಗಳುಗಳು ಬ್ರಿಟನ್, ಜರ್ಮನಿಯ ಲೆಕ್ಕದವು. ಕೆನಡಾದಲ್ಲಿ ವಸಂತ ತಡ, ಅದಕ್ಕೆ ತಕ್ಕಂತೆ ಕೆಲವು ವಾರ ಮುಂದಕ್ಕೆ ಹಾಕಿಕೊಳ್ಳಿ. ಬೆಂಗಳೂರಿನವರಿಗೆ ಹೇಳುವುದು ಒಂದೇ ಮಾತು, ಅದು ಕೆಳಗೆ ಬರುತ್ತದೆ.

ಮೊದಲು ಏನು ನೋಡಬೇಕು

ಎರಡು ಪ್ರಶ್ನೆ ಸಾಕು. ಈಗ ಯಾವ ತಿಂಗಳು? ಮರದ ಯಾವ ಭಾಗ?

ಇಡೀ ಮರ ಒಟ್ಟಿಗೆ ಬಣ್ಣಗೆಟ್ಟಿದ್ದರೆ ಬೇರು ಅಥವಾ ನೀರು. ತುದಿ ಚಿಗುರು ಮಾತ್ರ ಸುಟ್ಟಂತಿದ್ದರೆ ರಾತ್ರಿಯ ಫ್ರಾಸ್ಟ್, ಒಣಗಾಳಿ ಅಥವಾ ಒಂದೆರಡು ದಿನ ನೀರು ತಪ್ಪಿದ್ದು. ಒಳಗಿನ ಎಲೆ ಹೋಗಿ ತುದಿ ಹಸಿರಾಗಿದ್ದರೆ ನೆರಳು ಅಥವಾ ಶಿಲೀಂಧ್ರ. ಒಂದೇ ಕೊಂಬೆ ಒಣಗಿದ್ದರೆ ಕಾರಣ ಆ ಕೊಂಬೆಯಲ್ಲೇ ಹುಡುಕಿ.

ಇನ್ನೊಂದು ವಿಷಯ. ಲಾರ್ಚ್ ತಡವಾಗಿ ಹೇಳುತ್ತದೆ. ಆಗಸ್ಟ್‌ನಲ್ಲಿ ಕಾಣುವ ಹಳದಿಗೆ ಕಾರಣ ಹೆಚ್ಚಾಗಿ ಜುಲೈನಲ್ಲಿ ಇರುತ್ತದೆ. ಹಾಗಾಗಿ ‘ನಿನ್ನೆ ಏನು ಮಾಡಿದೆ’ ಅಂತ ಯೋಚಿಸಿದರೆ ಸಿಗುವುದಿಲ್ಲ. ಮೂರು ನಾಲ್ಕು ವಾರ ಹಿಂದಕ್ಕೆ ಹೋಗಿ. ಊರಿಗೆ ಹೋಗಿದ್ರಾ? ಪಕ್ಕದ ಮನೆಯವರು ನೀರು ಹಾಕಿದ್ರಾ?

ನನ್ನ ಅನುಭವದಲ್ಲಿ ಕುಂಡದ ಲಾರ್ಚ್‌ನ ತೊಂದರೆಗಳಲ್ಲಿ ಬಹುಪಾಲು ಶುರುವಾಗುವುದು ಬೇರಿನಲ್ಲಿ. ಹುಳ, ರೋಗ ಆಮೇಲಿನ ಮಾತು. ಆದರೆ ಜನ ಮೊದಲು ಹುಡುಕುವುದು ಸ್ಪ್ರೇ ಬಾಟಲಿಯನ್ನ.

ವಸಂತ ಬಂದರೂ ಚಿಗುರಿಲ್ಲ

ಮಾರ್ಚ್‌ನಲ್ಲಿ ಮೊಗ್ಗು ಉಬ್ಬಬೇಕು, ಏಪ್ರಿಲ್‌ನಲ್ಲಿ ಹಸಿರು ಒಡೆಯಬೇಕು. ಅಕ್ಕಪಕ್ಕದ ಲಾರ್ಚ್‌ಗಳೆಲ್ಲ ಹಸಿರಾಗಿ ನಿಮ್ಮದು ಸುಮ್ನೆ ನಿಂತಿದ್ದರೆ ತೊಗಟೆ ಕೆರೆದು ನೋಡಿ. ಹಸಿರಿದ್ದರೆ ಮೇ ಕೊನೆಯವರೆಗೆ ಕಾಯಿರಿ. ಗಾಳಿ ಹೊಡೆಯದ ಜಾಗದಲ್ಲಿಡಿ. ಗೊಬ್ಬರ ಬೇಡ. ನೀರೂ ಮಿತವಾಗಿರಲಿ. ಎಲೆ ಇಲ್ಲದ ಮರ ನೀರು ಕುಡಿಯುವುದು ತೀರಾ ಕಡಿಮೆ. ಇನ್ನೂ ಚಿಗುರಿಲ್ಲ ಅಂತ ದಿನಾ ನೀರು ಸುರಿದರೆ ಉಳಿದ ಬೇರೂ ಕೊಳೆಯುತ್ತದೆ.

ಪೂರ್ತಿ ಸತ್ತಿದ್ದರೆ ಕಾರಣ ಸಾಮಾನ್ಯವಾಗಿ ಚಳಿ ಅಲ್ಲ, ಚಳಿಗಾಲದ ಒಣಗು. ಮಣ್ಣು ಹೆಪ್ಪುಗಟ್ಟಿದಾಗ ಬೇರಿಗೆ ನೀರು ಸಿಗುವುದಿಲ್ಲ, ಮೇಲೆ ಒಣಗಾಳಿ ಬೀಸುತ್ತಲೇ ಇರುತ್ತದೆ. ಉತ್ತರ ಅಮೆರಿಕದ ಟಾಮರಾಕ್ ಲಾರ್ಚ್ ಅಲಾಸ್ಕದವರೆಗೂ ಬೆಳೆಯುವ ಮರ, ಚಳಿಗೆ ಅದು ಹೆದರಲ್ಲ. ಆದರೆ ನೆಲದೊಳಗಿನ ಬೇರು ಬೇರೆ, ನಾಲ್ಕು ಬೆರಳು ಆಳದ ಕುಂಡದ ಬೇರು ಬೇರೆ. ಮೇಜಿನ ಮೇಲಿಂದ ಇಳಿಸಿ ಕುಂಡವನ್ನು ನೆಲದ ಮೇಲಿಡಿ, ಸುತ್ತ ತರಗೆಲೆಯೋ ತೊಗಟೆ ಚೂರೋ ಹಾಕಿ. ಬಿಸಿ ಮಾಡದ ಶೆಡ್ ಇದ್ದರೆ ಅದೂ ಆಗುತ್ತದೆ. ಎಲೆ ಇಲ್ಲ, ಹಾಗಾಗಿ ಬೆಳಕು ಬೇಕಿಲ್ಲ. ಆದರೆ ಆಗಾಗ ಮಣ್ಣು ಮುಟ್ಟಿ ನೋಡಬೇಕು. ಶೆಡ್‌ಗೆ ಮಳೆ ಬೀಳಲ್ಲ, ಅಲ್ವಾ?

ಮರವನ್ನು ಮನೆಯೊಳಗೆ ಹೀಟರ್ ಪಕ್ಕ ಇಟ್ಟಿದ್ದರೆ ಕಾರಣ ಹುಡುಕುವ ಕೆಲಸವೇ ಇಲ್ಲ. ಲಾರ್ಚ್‌ಗೆ ವಾರಗಟ್ಟಲೆ ನಿಜವಾದ ಚಳಿ ಬೇಕು. ಅದು ಸಿಗದಿದ್ದರೆ ಮೊಗ್ಗು ಸರಿಯಾಗಿ ಒಡೆಯುವುದಿಲ್ಲ. ಬೆಂಗಳೂರಿಗೆ ತಗೊಂಡು ಹೋಗಬಹುದಾ ಅಂತ ಕೇಳುವವರಿಗೂ ಇದೇ ಉತ್ತರ. ಬೇಡ. ಮಡಿಕೇರಿ, ಊಟಿಯ ಚಳಿಯೂ ಸಾಲದು. ಭಾರತದಲ್ಲಿ ಲಾರ್ಚ್ ತಾನಾಗಿ ಬೆಳೆಯುವುದು ಸಿಕ್ಕಿಂ ಕಡೆಯ ಹಿಮಾಲಯದ ಎತ್ತರದ ಕಣಿವೆಗಳಲ್ಲಿ. ನಮ್ಮೂರಿನ ಹವೆಗೆ ಹುಣಸೆ, ಗೋಣಿ ಮರ ಇವೆ. ಅವನ್ನೇ ಕುಂಡಕ್ಕೆ ಹಾಕಿ.

ಚಿಗುರಿ ಆಮೇಲೆ ಬಾಡಿದರೆ

ಜನರಿಗೆ ಜಾಸ್ತಿ ಗೊಂದಲ ಆಗುವುದು ಇಲ್ಲೇ. ‘ಚೆನ್ನಾಗಿ ಚಿಗುರಿತ್ತು, ಆಮೇಲೆ ಏನಾಯ್ತೋ’ ಅನ್ನುತ್ತಾರೆ. ಮೊದಲ ಹಸಿರಿಗೆ ಬೇರು ಜಾಸ್ತಿ ದುಡಿಯಬೇಕಿಲ್ಲ. ಹಿಂದಿನ ವರ್ಷ ಕೂಡಿಟ್ಟ ಶಕ್ತಿಯಲ್ಲೇ ಮೊಗ್ಗು ಒಡೆಯುತ್ತದೆ. ಬೇರು ಸತ್ತಿದ್ದರೂ ಒಂದಿಷ್ಟು ದಿನ ಹಸಿರು ಕಾಣುತ್ತದೆ. ಆಮೇಲೆ ನಿಂತುಬಿಡುತ್ತದೆ.

ರಾತ್ರೋರಾತ್ರಿ ಆಗಿದ್ದರೆ ಫ್ರಾಸ್ಟ್. ಏಪ್ರಿಲ್ ಕೊನೆ, ಮೇ ಮೊದಲಲ್ಲಿ ಒಂದು ರಾತ್ರಿ ಸೊನ್ನೆಗಿಂತ ಕೆಳಗೆ ಹೋದರೆ ಎಳೆ ಎಲೆಗಳು ಜೋತುಬಿದ್ದು ಕಂದಾಗುತ್ತವೆ. ತೆರೆದ ಆಕಾಶಕ್ಕೆ ಸಿಕ್ಕಿದ ಕಡೆ ಜಾಸ್ತಿ, ಗೋಡೆಯ ಬದಿ ಕಡಿಮೆ. ಏನೂ ಕತ್ತರಿಸಬೇಡಿ. ಆರೋಗ್ಯವಾದ ಮರ ಕೆಲವು ವಾರದಲ್ಲಿ ಮತ್ತೆ ಚಿಗುರುತ್ತದೆ.

ಎರಡು ಮೂರು ವಾರದಲ್ಲಿ ನಿಧಾನವಾಗಿ, ಇಡೀ ಮರದಲ್ಲಿ ಎಲೆ ಬಿಳಿಚಿಕೊಂಡು ಅರ್ಧಕ್ಕೇ ನಿಂತಿದ್ದರೆ, ಆ ವರ್ಷ ಕುಂಡ ಬದಲಿಸಿದ್ದರೆ, ರೀಪಾಟಿಂಗ್ ಕಾರಣ. ಲಾರ್ಚ್‌ಗೆ ರೀಪಾಟಿಂಗ್ ಮಾಡುವ ಹೊತ್ತು ಬಹಳ ಸಣ್ಣದು. ಮೊಗ್ಗು ಉಬ್ಬಿ, ತುದಿಯಲ್ಲಿ ಹಸಿರು ಚುಕ್ಕಿ ಕಂಡು, ಇನ್ನೂ ಅರಳದೆ ಇರುವ ಆ ಕೆಲವು ದಿನ. ಎಲೆ ಅರಳಿದ ಮೇಲೆ ಬೇರು ಕತ್ತರಿಸಿದರೆ ಮರ ಎಲೆಗೆ ನೀರು ಕೊಡಲಾಗದೆ ಒದ್ದಾಡುತ್ತದೆ. ಹಳೆ ಮಣ್ಣನ್ನು ಪೂರ್ತಿ ತೊಳೆದು ಬೇರು ಬೆತ್ತಲೆ ಮಾಡುವುದೂ ಅಷ್ಟೇ ಅಪಾಯ. ಬೇರಿಗೆ ಅಂಟಿಕೊಂಡ ಒಳ್ಳೆ ಶಿಲೀಂಧ್ರವೂ ಅದರ ಜೊತೆ ಹೋಗುತ್ತದೆ. ಸುಮಾರು ಮೂರನೇ ಒಂದು ಭಾಗ ಬೇರು ತೆಗೆದರೆ ಸಾಕು.

ಈಗ ಒಂದು ಪರೀಕ್ಷೆ ಮಾಡಿ. ಎರಡು ಬೆರಳಲ್ಲಿ ಕಾಂಡವನ್ನು ಮಣ್ಣಿನ ಮಟ್ಟದಲ್ಲಿ ಹಿಡಿದು ಮೆಲ್ಲಗೆ ಅಲುಗಿಸಿ. ಕುಂಡದ ಜೊತೆ ಒಂದೇ ತುಂಡಾಗಿ ಅಲುಗಬೇಕು. ಬುಡ ಒಂದು ಕಡೆ, ಮಣ್ಣು ಒಂದು ಕಡೆ ಹೋದರೆ ಮರವನ್ನು ಕುಂಡಕ್ಕೆ ಸರಿಯಾಗಿ ಕಟ್ಟಿಲ್ಲ. ಪ್ರತಿ ಗಾಳಿಗೂ ಹೊಸ ಬೇರಿನ ತುದಿ ಮುರಿಯುತ್ತಿದೆ. ಮತ್ತೆ ಕಿತ್ತು ನೆಡಬೇಡಿ. ಕೆಳಗಿನ ತೂತುಗಳಿಂದ ತಂತಿ ತಂದು, ಬುಡಕ್ಕೆ ಒಂದು ರಬ್ಬರ್ ತುಂಡು ಕೊಟ್ಟು, ಮೇಲಿಂದಲೇ ಬಿಗಿಯಾಗಿ ಕಟ್ಟಿ. ಆಮೇಲೆ ಒಂದು ತಿಂಗಳು ಜೋರು ಬಿಸಿಲು, ಗಾಳಿ ತಪ್ಪಿಸಿ. ಬಳಲಿದ ಮರಕ್ಕೆ ಈ ಹೊತ್ತಿನಲ್ಲಿ ಇದಕ್ಕಿಂತ ಜಾಸ್ತಿ ಏನೂ ಮಾಡಲಾಗದು. ಗೊಬ್ಬರವಂತೂ ಬೇಡವೇ ಬೇಡ.

ಬೇಸಿಗೆಯ ಹಳದಿ

ಜೂನ್‌ನಿಂದ ಆಗಸ್ಟ್‌ವರೆಗೆ ಬರುವ ದೂರುಗಳೆಲ್ಲ ಹೆಚ್ಚುಕಡಿಮೆ ಒಂದೇ. ‘ಎಲೆ ಹಳದಿಯಾಗ್ತಿದೆ.’ ನೀರು ಕಡಿಮೆಯಾದರೂ ಹಳದಿ, ಜಾಸ್ತಿಯಾದರೂ ಹಳದಿ. ಎಲೆ ನೋಡಿ ಇದನ್ನು ತೀರ್ಮಾನಿಸಲು ಹೋಗಬೇಡಿ, ಕುಂಡ ನೋಡಿ.

ಜರ್ಮನಿಯಲ್ಲಿರುವ ಶಿವಮೊಗ್ಗ ಕಡೆಯ ಗೆಳೆಯರೊಬ್ಬರು ಫೋಟೋ ಕಳಿಸಿದ್ದರು. ಮರ ಪೂರ್ತಿ ಮಾಸಲು ಹಳದಿ. ನೀರು ಸಾಲ್ತಿಲ್ಲ ಅಂದೆ. ‘ದಿನಾ ಎರಡು ಹೊತ್ತು ಹಾಕ್ತೀನಿ ಮಾರಾಯ, ಇನ್ನೇನು ಮಾಡ್ಲಿ?’ ಅಂದರು. ನೀರು ಹಾಕುವ ಮುಂಚೆ ಒಮ್ಮೆ, ಹಾಕಿದ ಮೇಲೆ ಒಮ್ಮೆ ಕುಂಡ ಎತ್ತಿ ನೋಡಿ ಅಂತ ಹೇಳಿದೆ. ಎರಡೂ ಸಲ ಭಾರ ಒಂದೇ. ಮೇಲೆ ಸುರಿದ ನೀರು ಕುಂಡದ ಅಂಚಿನಿಂದ ಇಳಿದು ತೂತಿನಿಂದ ಹೊರಗೆ ಹೋಗುತ್ತಿತ್ತು. ವರ್ಷಗಳಿಂದ ಕುಂಡ ಬದಲಿಸಿರಲಿಲ್ಲ. ಬೇರು ಗಿಡಿದುಕೊಂಡು, ನಡುವಿನ ಹಳೆ ಮಣ್ಣು ಗಟ್ಟಿಯಾಗಿ ನೀರನ್ನೇ ಒಳಗೆ ಬಿಡುತ್ತಿರಲಿಲ್ಲ. ಕುಂಡವನ್ನು ಅಂಚಿನವರೆಗೆ ನೀರು ತುಂಬಿದ ಟಬ್‌ನಲ್ಲಿ ಮುಳುಗಿಸಿ, ಗುಳ್ಳೆ ಏಳುವುದು ನಿಲ್ಲುವ ತನಕ ಬಿಟ್ಟರು. ಆ ಬೇಸಿಗೆ ಪೂರ್ತಿ ಆಗಾಗ ಹಾಗೇ ಮುಳುಗಿಸಿದರು. ಚಾಪ್‌ಸ್ಟಿಕ್‌ನಿಂದ ಮಣ್ಣಿಗೆ ಅಲ್ಲಲ್ಲಿ ತೂತು ಮಾಡಿದರು. ರೀಪಾಟಿಂಗ್ ಮಾಡಿದ್ದು ಮುಂದಿನ ವಸಂತದಲ್ಲಿ. ಬೇಸಿಗೆ ನಡುವೆ ಗಾಬರಿಯಾಗಿ ಕಿತ್ತಿದ್ದರೆ ಮರ ಉಳಿಯುವುದು ಅನುಮಾನವಿತ್ತು.

ಚಾಪ್‌ಸ್ಟಿಕ್ ಬೇರೆ ಕೆಲಸಕ್ಕೂ ಬರುತ್ತದೆ. ಬಣ್ಣ ಹಚ್ಚದ ಮರದ ಕಡ್ಡಿಯನ್ನು ಮಣ್ಣಿನಲ್ಲಿ ಕುಂಡದ ತಳ ಮುಟ್ಟುವಂತೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಎಲ್ಲಿಯವರೆಗೆ ಒದ್ದೆ, ಎಲ್ಲಿ ಒಣ ಅಂತ ಕಡ್ಡಿಯ ಬಣ್ಣವೇ ತೋರಿಸುತ್ತದೆ. ತುದಿ ಸದಾ ಕಪ್ಪಗೆ ಒದ್ದೆ, ಮೂಸಿದರೆ ಚರಂಡಿ ವಾಸನೆ ಅಂದರೆ ತಳದಲ್ಲಿ ನೀರು ನಿಂತಿದೆ. ಆಗ ಮೊದಲು ಕೆಳಗಿನ ತೂತು ನೋಡಿ, ಬೇರು ತುಂಬಿ ಮುಚ್ಚಿರಬಹುದು. ಕುಂಡದ ಒಂದು ಬದಿಗೆ ಮರದ ತುಂಡು ಕೊಟ್ಟು ಸ್ವಲ್ಪ ಓರೆ ಮಾಡಿ ಇಡಿ, ನಿಂತ ನೀರು ಇಳಿಯುತ್ತದೆ. ಗಟ್ಟಿಯಾದ, ಕೆಂಗಂದು ಬೇರು ಒಳ್ಳೆಯದು. ಕಪ್ಪಗಿದ್ದು, ಎಳೆದರೆ ಸಿಪ್ಪೆ ಜಾರಿ ಒಳಗಿನ ನಾರು ಮಾತ್ರ ಕೈಗೆ ಬಂದರೆ ಕೊಳೆತಿದೆ.

ಬೇರಿನ ಮೇಲೆ ಬಿಳಿ ಬಲೆಯಂತೆ ಕಂಡರೆ ತೊಳೆಯಲು ಹೋಗಬೇಡಿ. ಅಣಬೆ ವಾಸನೆ ಬಂದರೆ ಅದು ಒಳ್ಳೆ ಶಿಲೀಂಧ್ರ, ಲಾರ್ಚ್ ಅದರ ಜೊತೆಯಲ್ಲೇ ಬದುಕುವ ಮರ. ಭೂತಗನ್ನಡಿಯಲ್ಲಿ ಬಿಳಿ ಪುಡಿ ಮೆತ್ತಿಕೊಂಡು ಓಡಾಡುವ ಸಣ್ಣ ಹುಳ ಕಂಡರೆ ಮಾತ್ರ ಬೇರಿನ ಹೇನು.

ಬಿಸಿಲಿನ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ಲಾರ್ಚ್ ಎಲೆಗೆ ಪೂರ್ತಿ ಬಿಸಿಲು ಬೇಕು, ನೆರಳಲ್ಲಿಟ್ಟರೆ ಸೊರಗುತ್ತದೆ. ಆದರೆ ಬೇರಿಗೆ ತಂಪು ಬೇಕು. ಗಾಢ ಬಣ್ಣದ ತೆಳು ಕುಂಡಕ್ಕೆ 30 ಡಿಗ್ರಿ ದಾಟಿದ ಮಧ್ಯಾಹ್ನ ನೇರ ಬಿಸಿಲು ಬಿದ್ದರೆ ಒಳಗಿನ ಮಣ್ಣು ಗಾಳಿಗಿಂತ ಬಿಸಿಯಾಗುತ್ತದೆ. ಕುಂಡದ ಪಕ್ಕಕ್ಕೆ ಕೈ ಇಟ್ಟು ನೋಡಿ. ಬಿಸಿ ತಗುಲಿದರೆ ಕುಂಡಕ್ಕೆ ಮಾತ್ರ ಹಲಗೆಯೋ ಬಿಳಿ ಬಟ್ಟೆಯೋ ಅಡ್ಡ ಇಡಿ, ಮರಕ್ಕಲ್ಲ. ನಲ್ಲಿ ನೀರಿನ ಸುಣ್ಣವನ್ನು ದೂರುವವರೂ ಇದ್ದಾರೆ. ಮಳೆನೀರು ಒಳ್ಳೆಯದೇ. ಆದರೆ ಯುರೋಪಿನ ಲಾರ್ಚ್ ಆಲ್ಪ್ಸ್‌ನ ಸುಣ್ಣಕಲ್ಲಿನ ಬೆಟ್ಟಗಳಲ್ಲೂ ಬೆಳೆಯುತ್ತದೆ, ಹಾಗಾಗಿ ಮೊದಲ ಅನುಮಾನ ಅದರ ಮೇಲೆ ಬೇಡ.

ಬಿಳಿ ಹತ್ತಿ, ಮಡಚಿದ ಎಲೆ, ಟೊಳ್ಳು ತುದಿ

ಮೇ ಹೊತ್ತಿಗೆ ಎಲೆಗಳ ನಡುವೆ ಬಿಳಿ ಹತ್ತಿಯ ಚೂರು ಕಂಡರೆ ಅಡೆಲ್ಜಿಡ್ ಅನ್ನುವ ರಸ ಹೀರುವ ಹುಳ. ಗುರುತು ಸುಲಭ. ಒಂದು ಎಲೆಯನ್ನು ಬೆಳಕಿಗೆ ಹಿಡಿಯಿರಿ. ಹುಳ ಕೂತ ಜಾಗದಲ್ಲಿ ಎಲೆ ಮೊಣಕೈ ಮಡಚಿದಂತೆ ಬಾಗಿರುತ್ತದೆ, ಅಲ್ಲೊಂದು ಹಳದಿ ಮಚ್ಚೆ ಇರುತ್ತದೆ. ಕೈಗೆ ಅಂಟು ತಾಗುತ್ತದೆ. ಆ ಅಂಟಿನ ಮೇಲೆ ಆಮೇಲೆ ಕಪ್ಪು ಬೂಷ್ಟು ಬರುತ್ತದೆ. ಈ ಹುಳಕ್ಕೆ ಎರಡು ಮನೆ, ಲಾರ್ಚ್ ಮತ್ತು ಸ್ಪ್ರೂಸ್. ಸ್ಪ್ರೂಸ್ ಮೇಲೆ ಅನಾನಸ್ ಆಕಾರದ ಸಣ್ಣ ಗಂಟು ಮಾಡುತ್ತದೆ. ನಿಮ್ಮ ಬೆಂಚಿನಲ್ಲಿ ಎರಡೂ ಅಕ್ಕಪಕ್ಕ ಇದ್ದರೆ ದೂರ ಮಾಡಿ. ಬೇಸಿಗೆಯಲ್ಲಿ ಸೋಪು ನೀರಿನ ಸ್ಪ್ರೇ ಸ್ವಲ್ಪ ಕೆಲಸ ಮಾಡುತ್ತದೆ, ಆದರೆ ಹತ್ತಿ ಅದನ್ನು ಒಳಗೆ ಬಿಡುವುದಿಲ್ಲ. ನಿಜವಾದ ಸಮಯ ಚಳಿಗಾಲದ ಕೊನೆ. ಮರಿಗಳು ಮೊಗ್ಗಿನ ಬುಡದಲ್ಲಿ, ತೊಗಟೆಯ ಸಂದಿನಲ್ಲಿ ಹತ್ತಿ ಇಲ್ಲದೆ ಮಲಗಿರುತ್ತವೆ. ಮೊಗ್ಗು ಒಡೆಯುವ ಮುಂಚೆ ಹಳೇ ಟೂತ್‌ಬ್ರಷ್‌ಗೆ ಸೋಪು ನೀರು ಅದ್ದಿ ಉಜ್ಜಿ. ಮೊಗ್ಗು ಮುರಿಯದಂತೆ ನೋಡಿಕೊಳ್ಳಿ, ಅಷ್ಟೆ.

ವಸಂತದಲ್ಲಿ ಎಲೆಯ ತುದಿ ಅರ್ಧ ಮಾತ್ರ ಹುಲ್ಲಿನ ಬಣ್ಣಕ್ಕೆ ತಿರುಗಿ, ಬೆಳಕಿಗೆ ಹಿಡಿದರೆ ಟೊಳ್ಳಾಗಿ ಕಂಡರೆ ಕೇಸ್‌ಬೇರರ್ ಅನ್ನುವ ಸಣ್ಣ ಚಿಟ್ಟೆಯ ಮರಿ. ಟೊಳ್ಳಾದ ಎಲೆ ತುಂಡನ್ನೇ ಮನೆ ಮಾಡಿಕೊಂಡು ಹೊತ್ತು ತಿರುಗುತ್ತದೆ. ಕಾಡಿನಲ್ಲಿ ಇದು ದೊಡ್ಡ ತಲೆನೋವು, ನಮಗೆ ಚಿಮಟದ ಕೆಲಸ. ಕೂತು ಒಂದೊಂದಾಗಿ ಕಿತ್ತರೆ ಮುಗಿಯಿತು.

ಒಣ ಬೇಸಿಗೆಯಲ್ಲಿ ಎಲೆ ಧೂಳು ಹಿಡಿದ ಹಾಗೆ ಮಂಕಾದರೆ ಕೊಂಬೆ ಕೆಳಗೆ ಬಿಳಿ ಕಾಗದ ಹಿಡಿದು ತಟ್ಟಿ. ಬಿದ್ದ ಚುಕ್ಕಿಗಳು ನಡೆದಾಡಿದರೆ ಮೈಟ್, ಅಂದರೆ ನುಸಿ. ಎಲೆಯ ಅಡಿಗೆ ಜೋರಾಗಿ ನೀರು ಹೊಡೆಯಿರಿ, ಕೆಲವು ದಿನ ಬಿಟ್ಟು ಮತ್ತೆ.

ಮಳೆ ಜಾಸ್ತಿಯಾದ ವಸಂತದ ನಂತರ ಒಳಗಿನ ಎಲೆಗಳು ಕಂದಾಗಿ, ಚಿಗುರಿನ ತುದಿ ಮಾತ್ರ ಹಸಿರಾಗಿ ಉಳಿದರೆ ಮೆರಿಯಾ ಅನ್ನುವ ಶಿಲೀಂಧ್ರದ ಮೇಲೆ ಅನುಮಾನ ಪಡಿ. ಫ್ರಾಸ್ಟ್ ಇದಕ್ಕೆ ತದ್ವಿರುದ್ಧ, ಮೊದಲು ಹೋಗುವುದು ತುದಿ. ಬಿದ್ದ ಎಲೆ ಗುಡಿಸಿ ತೆಗೆಯಿರಿ, ಗಾಳಿಯಾಡಲು ಮರಗಳ ನಡುವೆ ಜಾಗ ಬಿಡಿ, ನೀರನ್ನು ಮಣ್ಣಿಗೆ ಹಾಕಿ. ಯುರೋಪಿನ ಲಾರ್ಚ್‌ಗೆ ಈ ಕಾಟ ಜಾಸ್ತಿ, ಜಪಾನಿನದಕ್ಕೆ ಕಡಿಮೆ. ನಿಮ್ಮದು ಯಾವುದು ಅಂತ ಗೊತ್ತಿಲ್ಲದಿದ್ದರೆ ಚಳಿಗಾಲದಲ್ಲಿ ಎಳೆ ರೆಂಬೆಯ ಬಣ್ಣ ನೋಡಿ. ಒಣಹುಲ್ಲಿನ ಬಣ್ಣ ಯುರೋಪಿನದು, ಕೆಂಪು ಛಾಯೆ ಜಪಾನಿನದು. ನಡುವೆ ಎಲ್ಲೋ ಇದ್ದರೆ ಎರಡರ ಮಿಶ್ರತಳಿ ಇರಬಹುದು. ಸ್ಕಾಟ್ಲೆಂಡಿನ ಡಂಕೆಲ್ಡ್‌ನಲ್ಲಿ ಹುಟ್ಟಿದ ತಳಿ ಅದು. ಆಲ್ಪ್ಸ್‌ನ ಟಿರೋಲ್‌ನಿಂದ ತಂದು 1738ರಲ್ಲಿ ನೆಟ್ಟ ಒಂದು ಲಾರ್ಚ್ ಅಲ್ಲಿನ ಕೆಥೀಡ್ರಲ್ ಪಕ್ಕ ಇನ್ನೂ ನಿಂತಿದೆ. ಆ ಕಡೆ ಹೋದರೆ ನೋಡಿ ಬನ್ನಿ. ಕುಂಡದಲ್ಲಿ ಸಾಕುವ ಈ ಮರ ನೆಲ ಸಿಕ್ಕರೆ ಏನಾಗುತ್ತದೆ ಅಂತ ತಿಳಿಯುತ್ತದೆ.

ಒಂದೇ ಕೊಂಬೆ ಒಣಗಿದರೆ

ಕೊಂಬೆಗೆ ಆಕಾರ ಕೊಡಲು ಸುತ್ತಿದ ತಂತಿಯನ್ನು ಮೊದಲು ನೋಡಿ. ಲಾರ್ಚ್ ಕೊಂಬೆ ಬೇಸಿಗೆಯ ಕೊನೆಯಲ್ಲಿ ಬೇಗ ದಪ್ಪಗಾಗುತ್ತದೆ. ಜುಲೈನಲ್ಲಿ ಸಡಿಲವಾಗಿದ್ದ ತಂತಿ ಸೆಪ್ಟೆಂಬರ್‌ಗೆ ತೊಗಟೆಯೊಳಗೆ ಹೂತಿರಬಹುದು. ಸುತ್ತು ಬಿಚ್ಚಲು ಹೋದರೆ ತೊಗಟೆ ಕಿತ್ತು ಬರುತ್ತದೆ. ಪ್ರತಿ ಸುತ್ತನ್ನೂ ಕತ್ತರಿಸಿ ತೆಗೆಯಿರಿ. ತಂತಿ ಇಲ್ಲದಿದ್ದರೆ ಕೊಂಬೆ ಬಾಗಿಸಿದ ಜಾಗದ ಒಳಮಗ್ಗುಲಲ್ಲಿ, ಹೊರಮಗ್ಗುಲಲ್ಲಿ ಬಿರುಕು ಹುಡುಕಿ.

ತೊಗಟೆ ಒಂದು ಕಡೆ ತಗ್ಗಾಗಿ, ಅಂಟು ಸುರಿದು, ಅಲ್ಲಿ ಬಿಳಿ ಅಂಚಿನ ಕಿತ್ತಳೆ ಬಣ್ಣದ ಪುಟ್ಟ ಬಟ್ಟಲುಗಳು ಕಂಡರೆ ಅದು ಲಾರ್ಚ್ ಕ್ಯಾಂಕರ್ ಅನ್ನುವ ಶಿಲೀಂಧ್ರದ ಹುಣ್ಣು. ಇದಕ್ಕೆ ಔಷಧಿ ಹುಡುಕಬೇಡಿ. ಒಣ ಹವೆಯಿರುವ ದಿನ ಹುಣ್ಣಿನ ಕೆಳಗೆ, ಒಳ್ಳೆ ಮರ ಸಿಗುವವರೆಗೆ ಕತ್ತರಿಸಿ, ಕತ್ತರಿಯನ್ನು ಸ್ಪಿರಿಟ್‌ನಿಂದ ಒರೆಸಿ.

ಕೆಳಗಿನ ಕೊಂಬೆಗಳೇ ಒಂದೊಂದಾಗಿ ಹೋಗುತ್ತಿದ್ದರೆ ತಪ್ಪು ಮೇಲಿದೆ. ಲಾರ್ಚ್ ಶಕ್ತಿಯೆಲ್ಲ ತಲೆಗೆ ಕಳಿಸುವ ಮರ. ಮೇಲಿನ ದಟ್ಟಣೆ ಕೆಳಗಿನದಕ್ಕೆ ಬೆಳಕು ಬಿಡುವುದಿಲ್ಲ. ಎಲೆ ಉದುರಿದ ಮೇಲೆ, ರೆಂಬೆಗಳು ಸ್ಪಷ್ಟವಾಗಿ ಕಾಣುವಾಗ, ತಲೆಯ ಭಾಗವನ್ನು ತೆಳು ಮಾಡಿ. ಕೆಳಗಿನ ಕೊಂಬೆಯ ತುದಿಯನ್ನು ಬೆಳೆಯಲು ಬಿಡಿ, ಚಿವುಟಬೇಡಿ. ಗಟ್ಟಿಮುಟ್ಟಾದ ಲಾರ್ಚ್‌ಗೆ ಬಿಸಿಲು ಬಿದ್ದರೆ ಹಳೇ ಕೊಂಬೆಯಲ್ಲೂ ಹೊಸ ಮೊಗ್ಗು ಬರುತ್ತದೆ. ಸೊರಗಿದ ಮರದಿಂದ ಅದನ್ನು ಬಯಸಬೇಡಿ.

ಕಾಡಿನಿಂದ ತಂದ ಮರವಾಗಿದ್ದರೆ

ಬ್ರಿಟನ್‌ನಲ್ಲಿ ಇರುವವರು ಇದನ್ನು ಗಮನಿಸಿ. ಫೈಟಾಫ್ತೊರ ರಾಮೋರಮ್ ಅನ್ನುವ ರೋಗ 2009ರಲ್ಲಿ ಇಂಗ್ಲೆಂಡಿನ ನೈಋತ್ಯ ಭಾಗದ ಜಪಾನೀ ಲಾರ್ಚ್ ತೋಪುಗಳಲ್ಲಿ ಕಾಣಿಸಿತು. ಅದನ್ನು ತಡೆಯಲು ಲಾರ್ಚ್ ತೋಪುಗಳನ್ನೇ ಕಡಿಯುತ್ತಾ ಬಂದಿದ್ದಾರೆ. ಬೇಸಿಗೆಯಲ್ಲೇ ಎಲೆ ಕಪ್ಪಾಗಿ ಬಾಡುವುದು, ಕಾಂಡದಿಂದ ಅಂಟು ಸುರಿಯುವುದು, ಹೊತ್ತಿಗೆ ಮುಂಚೆ ಎಲೆ ಉದುರುವುದು ಇದರ ಲಕ್ಷಣ. ಅನುಮಾನ ಬಂದರೆ ಅಲ್ಲಿನ ಅರಣ್ಯ ಇಲಾಖೆಗೆ ತಿಳಿಸಬೇಕು, ಮುಚ್ಚಿಡುವ ಹಾಗಿಲ್ಲ. ತೋಪಿನಿಂದ ಗಿಡ ಕಿತ್ತು ತರುವ ಮುಂಚೆ ಜಾಗದ ಮಾಲೀಕರ ಒಪ್ಪಿಗೆಯ ಜೊತೆ ಅಲ್ಲಿ ರೋಗದ ತಡೆ ಆದೇಶ ಇದೆಯಾ ಅಂತಲೂ ಕೇಳಿ. ಬೂಟಿನ ಮಣ್ಣು ಅಲ್ಲೇ ತೊಳೆದು ಬನ್ನಿ.

ಸಣ್ಣಪುಟ್ಟವು

ಎಲೆ ತೀರಾ ಉದ್ದವಾಗಿ, ಗಿಣ್ಣುಗಳ ನಡುವೆ ಅಂತರ ಜಾಸ್ತಿಯಾದರೆ ವಸಂತದಲ್ಲಿ ಗೊಬ್ಬರ ಬೇಗ ಹಾಕಿದ್ದೀರಿ, ಇಲ್ಲವೇ ಬಿಸಿಲು ಸಾಲದು. ಮೊದಲ ಎಲೆಗಳು ಬಲಿತು ಕಡುಹಸಿರಾದ ಮೇಲೆ ಗೊಬ್ಬರ ಶುರು ಮಾಡಿ.

ಶರತ್ಕಾಲದ ಚಿನ್ನದ ಬಣ್ಣ ಬಾರದೆ ಎಲೆ ಕಂದಾಗಿಯೇ ಉದುರಿದರೆ ಆಗಸ್ಟ್‌ನಲ್ಲಿ ಎಲ್ಲೋ ನೀರು ತಪ್ಪಿದೆ. ಮೊಗ್ಗು ಗಟ್ಟಿಯಾಗಿದ್ದರೆ ಚಿಂತೆ ಬೇಡ.

ವಸಂತದಲ್ಲಿ ಕಾಣುವ ಗುಲಾಬಿ ಬಣ್ಣದ ಪುಟ್ಟ ಹೂವಿನಂಥವು ಎಳೆ ಕೋನ್‌ಗಳು. ನಾಲ್ಕೈದು ಇದ್ದರೆ ಚೆಂದ. ಕಳೆದ ವರ್ಷ ಸೊರಗಿದ್ದ ಮರದಲ್ಲಿ ಇದ್ದಕ್ಕಿದ್ದಂತೆ ಕೊಂಬೆ ತುಂಬಾ ಬಂದರೆ ಹೆಚ್ಚಿನದನ್ನು ಎಳೆಯದಾಗಿದ್ದಾಗಲೇ ಕಿತ್ತುಹಾಕಿ. ವರ್ಷಗಟ್ಟಲೆ ಉದುರದೆ ನಿಂತ ಹಳೇ ಒಣ ಕೋನ್‌ಗಳನ್ನೂ ಕತ್ತರಿಸಿ ತೆಗೆಯಿರಿ. ಹೀಗೆ ಕೋನ್ ತುಂಬಿ ಬಂದ ವರ್ಷ ತಂತಿ, ರೀಪಾಟಿಂಗ್ ಎರಡೂ ಬೇಡ.